ಕಬ್ಬಿಣದ ಗುಳಿಗೆ ಎಂಬ ಕಬ್ಬಿಣದ ಕಡಲೆ

ಗರ್ಭಿಣಿಯರಿಗೆಂದು ಆಸ್ಪತ್ರೆಯಲ್ಲಿ ಕೊಡುವ ಕೆಂಪು ಗುಳಿಗೆ ಎಷ್ಟೋ ಮನೆಗಳಲ್ಲಿ ಹೊಟ್ಟೆ ಸೇರುವುದೇ ಇಲ್ಲ. ನುಂಗಿದರೆ ಕೆಲವರಿಗೆ ವಾಕರಿಕೆ, ಬಾಯಲ್ಲಿ ಲೋಹದ ರುಚಿ. ನಾಲ್ಕು ದಿನ ಕಳೆಯುವುದರೊಳಗೆ ಮಲಬದ್ಧತೆ. ಎಲ್ಲಕ್ಕಿಂತ ಹೆಚ್ಚು ಗಾಬರಿ ಹುಟ್ಟಿಸುವುದು ಮಲದ ಕಪ್ಪು ಬಣ್ಣ. ಗುಳಿಗೆ ತಿಂದರೆ ಹುಟ್ಟುವ ಕೂಸೂ ಕಪ್ಪಾಗುತ್ತದೆಂಬ ನಂಬಿಕೆಗೆ ಇದೇ ಮೂಲವಿದ್ದೀತು. ಹಾಗೇನೂ ಆಗುವುದಿಲ್ಲ. ಆದರೆ ಇದೇ ಕಪ್ಪು ಬಣ್ಣ ಒಂದು ಕಾಲಕ್ಕೆ ಯುರೋಪಿನ ಘಟಾನುಘಟಿ ವಿದ್ವಾಂಸರನ್ನೂ ದಾರಿ ತಪ್ಪಿಸಿತ್ತು.

ರಕ್ತಹೀನತೆಗೆ ಕಬ್ಬಿಣ ಮದ್ದೆಂಬ ತಿಳಿವಳಿಕೆ ಹಳೆಯದು. ಚರಕಸಂಹಿತೆಯ ಪಾಂಡುರೋಗ ಚಿಕಿತ್ಸೆಯಲ್ಲಿ ಲೋಹ ಬೆರೆತ ನವಾಯಸ ಚೂರ್ಣವನ್ನು ಜೇನು, ತುಪ್ಪದೊಡನೆ ಕೊಡುವ ಕ್ರಮವಿದೆ. ಇಂಗ್ಲೆಂಡಿನ ಥಾಮಸ್ ಸಿಡನ್‌ಹ್ಯಾಮ್ 17ನೆಯ ಶತಮಾನದಲ್ಲಿ ಉಕ್ಕಿನ ಪುಡಿಯನ್ನು ವೈನ್‌ನಲ್ಲಿ ನೆನೆಹಾಕಿ ರೋಗಿಗಳಿಗೆ ಕುಡಿಸುತ್ತಿದ್ದ.

ಗುಳಿಗೆಯ ಕಥೆ ಶುರುವಾಗುವುದು ಫ್ರಾನ್ಸಿನ ಪಿಯರ್ ಬ್ಲೋ ಎಂಬ ವೈದ್ಯನಿಂದ. ಹರೆಯದ ಹುಡುಗಿಯರ ಮುಖ ಹಸಿರುಗಟ್ಟಿದಂತೆ ಬಿಳಿಚಿಕೊಳ್ಳುವ ಕ್ಲೋರೋಸಿಸ್ ಕಾಯಿಲೆಗೆ ಆತ 1832ರಲ್ಲಿ ಫೆರಸ್ ಸಲ್ಫೇಟ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಸೇರಿಸಿದ ಗುಳಿಗೆಯನ್ನು ಪ್ರಕಟಿಸಿದ. ಫೆರಸ್ ಸಲ್ಫೇಟ್ ಎಂದರೆ ನಮ್ಮ ಗ್ರಂಥಿಗೆ ಅಂಗಡಿಗಳ ಅನ್ನಭೇದಿಯೇ. ಮೊದಲ ದಿನವೇ ಪೂರ್ತಿ ಪ್ರಮಾಣ ಕೊಡದೆ ಮೆಲ್ಲಮೆಲ್ಲಗೆ ಏರಿಸುವ ಜಾಣತನವೂ ಅವನಲ್ಲಿತ್ತು. ಆ ಕಾಲದ ಕಬ್ಬಿಣದ ದ್ರಾವಣಗಳ ಪಾಡು ಬೇರೆ: ಹಲ್ಲು ಕಪ್ಪಾಗುತ್ತಿದ್ದುದರಿಂದ ಗಾಜಿನ ಕೊಳವೆಯಲ್ಲಿ ಹೀರಬೇಕಿತ್ತು.

ಹುಡುಗಿಯರು ಗುಣವಾಗುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು. ಆದರೂ ಶತಮಾನದ ಕೊನೆಯ ಹೊತ್ತಿಗೆ ಗುಸ್ತಾವ್ ಬುಂಗೆ ಎಂಬ ಹೆಸರಾಂತ ಶರೀರಶಾಸ್ತ್ರಜ್ಞ ತಕರಾರು ತೆಗೆದ. ಲವಣ ರೂಪದ ಕಬ್ಬಿಣ ರಕ್ತಕ್ಕೆ ಸೇರುವುದೇ ಇಲ್ಲ. ಅದು ಕರುಳಿನ ಗಂಧಕದೊಂದಿಗೆ ಕೂಡಿ ಕಪ್ಪು ಸಲ್ಫೈಡ್ ಆಗಿ ಹೊರಬೀಳುತ್ತದೆ. ಗಂಧಕವನ್ನು ತಾನು ಹೀರಿಕೊಂಡು ಆಹಾರದ ಕಬ್ಬಿಣವನ್ನು ಉಳಿಸುವುದಷ್ಟೇ ಅದರ ಉಪಕಾರ ಎಂಬುದು ಅವನ ವಾದ. ಸಾಕ್ಷಿ ಎದುರಿಗೇ ಇದ್ದುದರಿಂದ ಒಪ್ಪಿದವರು ಬಹಳ.

ಎಡಿನ್‌ಬರೋದ ರಾಲ್ಫ್ ಸ್ಟಾಕ್‌ಮನ್ 1893ರಲ್ಲಿ ಈ ಗಂಟು ಬಿಡಿಸಿದ. ಕೆಲವು ರೋಗಿಗಳಿಗೆ ಕಬ್ಬಿಣವನ್ನು ಚರ್ಮದಡಿ ಚುಚ್ಚಿದ. ಅದು ಕರುಳಿಗೆ ಬಾಯಿಂದ ಹೋಗಲೇ ಇಲ್ಲ. ಇನ್ನು ಕೆಲವರಿಗೆ ಕಬ್ಬಿಣದ ಸಲ್ಫೈಡನ್ನೇ ನುಂಗಿಸಿದ. ಮತ್ತಷ್ಟು ಗಂಧಕ ಹೀರುವ ಶಕ್ತಿ ಅದಕ್ಕಿಲ್ಲ. ಎರಡರಿಂದಲೂ ರಕ್ತ ಹೆಚ್ಚಿತು. ಗಂಧಕ ಹೀರಬಲ್ಲ ಬಿಸ್ಮತ್ ಮಾತ್ರ ಕೊಟ್ಟಾಗ ಪ್ರಯೋಜನ ಕಾಣಲಿಲ್ಲ. ಬುಂಗೆಯ ವಾದ ಬಿದ್ದುಹೋಯಿತು. ಕಪ್ಪು ಮಲ ಹೇಳುವುದು ಇಷ್ಟೇ: ನುಂಗಿದ್ದರಲ್ಲಿ ಒಂದು ಪಾಲು ಮಾತ್ರ ದೇಹಕ್ಕೆ ಸಂದಿದೆ, ಉಳಿದದ್ದು ಕರುಳಿನಲ್ಲೇ ಇದೆ. ತೊಂದರೆ ಕೊಡುವುದೂ ಮುಖ್ಯವಾಗಿ ಈ ಉಳಿಕೆಯೇ.

ಭಾರತದಲ್ಲಿ ಗುಳಿಗೆ ಹಂಚುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1970ರಲ್ಲಿ. ಗರ್ಭಿಣಿಯರಿಗೆ ದಿನಕ್ಕೆ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ರಕ್ತಹೀನತೆ ಇಳಿಯಲಿಲ್ಲವೆಂದು 90ರ ದಶಕದ ಆರಂಭದಲ್ಲಿ ಇದನ್ನು 100 ಮಿಲಿಗ್ರಾಂಗೆ ಏರಿಸಲಾಯಿತು. 2018ರ ‘ಅನೀಮಿಯಾ ಮುಕ್ತ ಭಾರತ’ದಲ್ಲಿ ಪ್ರಮಾಣ ಮತ್ತೆ 60ಕ್ಕೆ ಬಂದಿತು. ಏರಿಸಿದ ನಲವತ್ತು ಮಿಲಿಗ್ರಾಂ ಎಷ್ಟು ಹೊಟ್ಟೆಗಳನ್ನು ತೊಳಸಿತೋ ಲೆಕ್ಕವಿಟ್ಟವರಿಲ್ಲ.

ಹೆಚ್ಚು ನುಂಗಿದರೆ ಹೆಚ್ಚು ಸೇರುತ್ತದೆಂಬ ಲೆಕ್ಕ ಏಕೆ ತಪ್ಪಿತೆಂಬುದಕ್ಕೆ ಉತ್ತರ ಸಿಕ್ಕಿದ್ದು ಈ ಶತಮಾನದಲ್ಲಿ. ರಕ್ತಕ್ಕೆ ಕಬ್ಬಿಣ ಸೇರುತ್ತಿದ್ದಂತೆ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೊರಬಿಟ್ಟು ಕರುಳಿನ ಬಾಗಿಲು ಮುಚ್ಚಿಸುತ್ತದೆ. ಬೆಳಿಗ್ಗೆ ನುಂಗಿದ ಗುಳಿಗೆಯ ಈ ಪ್ರಭಾವ ಮರುದಿನದವರೆಗೂ ಇರುತ್ತದೆ. 2015 ಮತ್ತು 2017ರಲ್ಲಿ ಜೂರಿಕ್‌ನ ಸಂಶೋಧಕರು, ದೇಹದಲ್ಲಿ ಕಬ್ಬಿಣದ ದಾಸ್ತಾನು ಕಡಿಮೆಯಿದ್ದ ಯುವತಿಯರಲ್ಲಿ ಇದನ್ನು ಅಳೆದರು. ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಗುಳಿಗೆಯಿಂದ ದೇಹಕ್ಕೆ ಸೇರಿದ ಪಾಲು ಹೆಚ್ಚಿತ್ತು. ಗರ್ಭಿಣಿಯರಿಗೆ ಮಾತ್ರ ಸರ್ಕಾರದ ಕ್ರಮ ದಿನಕ್ಕೊಂದರಂತೆ 180 ದಿನ. ಚಹಾ, ಕಾಫಿಯ ಹಿಂದೆಯೇ ನುಂಗಬಾರದು, ನಿಂಬೆಹಣ್ಣಿನ ರಸ ಒಳ್ಳೆಯದು ಎಂದು ದಾದಿಯರು ಹೇಳುವುದೂ ಉಂಟು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ಗರ್ಭಿಣಿಯಾಗಿದ್ದಾಗ 100 ದಿನ ಗುಳಿಗೆ ನುಂಗಿದವರು ಶೇ 44. 180 ದಿನ ಪೂರೈಸಿದವರು ಶೇ 26.