1957ರ ಪೆಸ್ಕಾರಾ ಗ್ರ್ಯಾನ್ ಪ್ರಿ

1957ರ ಪೆಸ್ಕಾರಾ ಗ್ರ್ಯಾನ್ ಪ್ರಿ ಇಟಲಿಯ ಪೆಸ್ಕಾರಾ ನಗರದಲ್ಲಿ 1957ರ ಆಗಸ್ಟ್ 18ರಂದು ನಡೆದ ಫಾರ್ಮುಲಾ ಒನ್ ಕಾರು ಸ್ಪರ್ಧೆ. ಬ್ರಿಟನ್ನಿನ ಸ್ಟರ್ಲಿಂಗ್ ಮಾಸ್ ವ್ಯಾನ್‌ವಾಲ್ ಕಾರಿನಲ್ಲಿ ಇದನ್ನು ಗೆದ್ದರು. ಸುಮಾರು 25.6 ಕಿ.ಮೀ. ಉದ್ದದ ಇಲ್ಲಿನ ಪಥವು ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ ನಡೆದ ಪಥಗಳಲ್ಲೆಲ್ಲ ಅತ್ಯಂತ ಉದ್ದವಾದುದು.

ಪಥ

ಸ್ಪರ್ಧೆಗಾಗಿ ಪ್ರತ್ಯೇಕ ಪಥವನ್ನು ನಿರ್ಮಿಸಿರಲಿಲ್ಲ. ಜನರು ದಿನವೂ ಬಳಸುವ ರಸ್ತೆಗಳಲ್ಲೇ ಸಂಚಾರವನ್ನು ತಡೆದು ಓಟ ನಡೆಸಲಾಗುತ್ತಿತ್ತು. ಏಡ್ರಿಯಾಟಿಕ್ ಕಡಲತೀರದ ಪೆಸ್ಕಾರಾದಿಂದ ಒಳನಾಡಿಗೆ ಹೊರಟ ರಸ್ತೆಯು ಸ್ಪೋಲ್ಟೋರೆ ಮತ್ತು ಕಪ್ಪೆಲ್ಲೆ ಊರುಗಳ ಗುಡ್ಡಗಳನ್ನು ಹತ್ತಿಳಿದು, ಮೊಂಟೆಸಿಲ್ವಾನೊ ಬಳಿ ಮತ್ತೆ ಕಡಲತೀರವನ್ನು ಸೇರುತ್ತಿತ್ತು. ಗುಡ್ಡಗಳಲ್ಲಿ ಇಕ್ಕಟ್ಟಾದ ತಿರುವುಗಳೂ ಬಯಲಿನಲ್ಲಿ ಹಲವು ಕಿ.ಮೀ. ಉದ್ದದ ನೇರ ರಸ್ತೆಗಳೂ ಇದ್ದವು.

ಹಿನ್ನೆಲೆ

ಈ ರಸ್ತೆಗಳಲ್ಲಿ 1924ರಲ್ಲಿ ಕೋಪ್ಪಾ ಅಚೆರ್ಬೊ ಎಂಬ ಹೆಸರಿನಿಂದ ಸ್ಪರ್ಧೆ ಆರಂಭವಾಯಿತು. ಮೊದಲ ವರ್ಷದ ವಿಜೇತರು ಆಲ್ಫಾ ರೋಮಿಯೊ ಕಾರಿನ ಚಾಲಕರಾಗಿದ್ದ ಎಂಜೊ ಫೆರಾರಿ. 1934ರ ಸ್ಪರ್ಧೆಯಲ್ಲಿ ಗೀ ಮಾಲ್ ಎಂಬ ಚಾಲಕರು ಅಪಘಾತದಲ್ಲಿ ಮೃತಪಟ್ಟರು.

1957ರಲ್ಲಿ ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ಸ್ಪರ್ಧೆಗಳು ರದ್ದಾದುದರಿಂದ ಪೆಸ್ಕಾರಾವನ್ನು ವಿಶ್ವ ಚಾಂಪಿಯನ್‌ಷಿಪ್‌ಗೆ ಸೇರಿಸಲಾಯಿತು. ಅದೇ ವರ್ಷದ ಮೇ 12ರಂದು, ಇಟಲಿಯ ರಸ್ತೆಗಳಲ್ಲಿ ನಡೆದ ಮಿಲ್ಲೆ ಮಿಲ್ಯಾ ಸ್ಪರ್ಧೆಯಲ್ಲಿ ಫೆರಾರಿ ಕಾರೊಂದು ಜನರ ಮೇಲೆ ನುಗ್ಗಿ, ಚಾಲಕ ಅಲ್ಫೋನ್ಸೊ ಡಿ ಪೋರ್ಟಾಗೊ, ಅವರ ಸಹಚಾಲಕ ಹಾಗೂ ಐವರು ಮಕ್ಕಳು ಸೇರಿದಂತೆ ಒಂಬತ್ತು ಪ್ರೇಕ್ಷಕರು ಸಾವನ್ನಪ್ಪಿದ್ದರು. ರಸ್ತೆ ಓಟಗಳನ್ನು ನಿಲ್ಲಿಸಬೇಕೆಂಬ ಕೂಗು ದೇಶದಲ್ಲಿ ಬಲವಾಯಿತು. ದುರಂತದ ಸಂಬಂಧ ಮೊಕದ್ದಮೆಗೆ ಗುರಿಯಾದ ಎಂಜೊ ಫೆರಾರಿಯವರು ಪೆಸ್ಕಾರಾಕ್ಕೆ ತಂಡವನ್ನು ಕಳುಹಿಸಲಿಲ್ಲ. ಲುಯಿಜಿ ಮುಸ್ಸೊ ಅವರ ಕೋರಿಕೆಯಂತೆ ಒಂದು ಕಾರನ್ನು ಮಾತ್ರ ಒದಗಿಸಿದರು. 1961ರಲ್ಲಿ ಅವರು ದೋಷಮುಕ್ತರಾದರು.

ಸ್ಪರ್ಧೆ

ಎರಡು ವಾರಗಳ ಹಿಂದೆಯಷ್ಟೇ ಜರ್ಮನಿಯಲ್ಲಿ ಐದನೆಯ ವಿಶ್ವ ಪ್ರಶಸ್ತಿಯನ್ನು ಖಚಿತಪಡಿಸಿಕೊಂಡಿದ್ದ ಅರ್ಜೆಂಟೀನಾದ ಹ್ವಾನ್ ಮ್ಯಾನುಯೆಲ್ ಫಾಂಜಿಯೊ, ಮಾಸೆರಾಟಿ ಕಾರಿನಲ್ಲಿ 9 ನಿಮಿಷ 44.6 ಸೆಕೆಂಡುಗಳಲ್ಲಿ ಒಂದು ಸುತ್ತನ್ನು ಪೂರೈಸಿ ಮೊದಲ ಸ್ಥಾನದಿಂದ ಹೊರಡುವ ಅವಕಾಶ ಪಡೆದರು. ಆದರೆ ಮೊದಲ ಸುತ್ತಿನಲ್ಲಿ ಮುಸ್ಸೊ ಮುಂದಿದ್ದರು. ಎರಡನೆಯ ಸುತ್ತಿನಲ್ಲಿ ಮಾಸ್ ಅವರನ್ನು ಹಿಂದೆ ಹಾಕಿದರು. ಮುಂದೆ ಮುಸ್ಸೊ ಅವರ ಕಾರಿನ ಎಂಜಿನ್ ಕೆಟ್ಟು ರಸ್ತೆಯ ಮೇಲೆ ಎಣ್ಣೆ ಚೆಲ್ಲಿತು. ಅದರ ಮೇಲೆ ಜಾರಿದ ಫಾಂಜಿಯೊ ಅವರ ಕಾರಿಗೂ ಹಾನಿಯಾಯಿತು. 18 ಸುತ್ತುಗಳನ್ನು ಮಾಸ್ 2 ಗಂಟೆ 59 ನಿಮಿಷ 22.7 ಸೆಕೆಂಡುಗಳಲ್ಲಿ, ಗಂಟೆಗೆ ಸರಾಸರಿ 154 ಕಿ.ಮೀ. ವೇಗದಲ್ಲಿ ಪೂರೈಸಿದರು. ಫಾಂಜಿಯೊ ಮೂರು ನಿಮಿಷಕ್ಕೂ ಹೆಚ್ಚಿನ ಅಂತರದಿಂದ ಎರಡನೆಯವರಾದರು. ಮಾಸೆರಾಟಿಯ ಹ್ಯಾರಿ ಶೆಲ್ ಮೂರನೆಯವರಾದರು.

ನಂತರದ ವರ್ಷಗಳು

ಪೆಸ್ಕಾರಾದಲ್ಲಿ ವಿಶ್ವ ಚಾಂಪಿಯನ್‌ಷಿಪ್ ಸ್ಪರ್ಧೆ ನಡೆದುದು ಇದೊಂದೇ ಬಾರಿ. ಇಷ್ಟು ಉದ್ದದ ಸಾರ್ವಜನಿಕ ರಸ್ತೆಯಲ್ಲಿ ಪ್ರೇಕ್ಷಕರಿಗೂ ಚಾಲಕರಿಗೂ ರಕ್ಷಣೆ ಒದಗಿಸುವುದು ಕಷ್ಟಸಾಧ್ಯವಾಗಿತ್ತು. 1961ರಲ್ಲಿ ಸ್ಪೋರ್ಟ್ಸ್ ಕಾರುಗಳ ಓಟದೊಂದಿಗೆ ಈ ಪಥದ ಬಳಕೆ ಕೊನೆಗೊಂಡಿತು.