15 ವರ್ಷ ಪೂರೈಸಿದ ಕಾರುಗಳು: ನೋಂದಣಿ ನವೀಕರಣ ಮತ್ತು ದುರಸ್ತಿ ವೆಚ್ಚ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 41ರಂತೆ ಖಾಸಗಿ ಕಾರಿನ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿರುತ್ತದೆ. ತದನಂತರ ತಪಾಸಣೆಗೆ ಒಳಪಡಿಸಿ 5 ವರ್ಷಗಳಿಗೊಮ್ಮೆ ನವೀಕರಿಸತಕ್ಕದ್ದು.

1. ಶುಲ್ಕ: ದಿನಾಂಕ 1-4-2022ರಿಂದ ನವೀಕರಣ ಶುಲ್ಕವನ್ನು ರೂ. 600ರಿಂದ ರೂ. 5,000ಕ್ಕೆ ಹೆಚ್ಚಿಸಲಾಗಿದೆ. 2025ರ ತಿದ್ದುಪಡಿಯಂತೆ 20 ವರ್ಷ ಮೀರಿದ ಕಾರಿಗೆ ರೂ. 10,000.

2. ದುರಸ್ತಿ: ಬ್ರೇಕ್, ಸ್ಟೀರಿಂಗ್, ಟೈರು, ದೀಪಗಳು ಸುಸ್ಥಿತಿಯಲ್ಲಿರಬೇಕು, ಹೊಗೆ ತಪಾಸಣಾ ಪತ್ರ ಹಾಗೂ ವಿಮೆ ಚಾಲ್ತಿಯಲ್ಲಿರಬೇಕು. ಸವೆದ ಕ್ಲಚ್, ಸಸ್ಪೆನ್ಷನ್‌ಗಳನ್ನು ಬದಲಿಸಬಹುದು. ಆದರೆ ತಳಭಾಗಕ್ಕೆ ಹಿಡಿದ ತುಕ್ಕಿನ ದುರಸ್ತಿಯು ದುಬಾರಿಯಾಗಿದ್ದು, ತುಕ್ಕು ಮರುಕಳಿಸುವ ಸಂಭವವಿರುತ್ತದೆ.

3. ಮಾಲೀಕರ ಗಮನಕ್ಕೆ: ಶುಲ್ಕ ಪಾವತಿಸುವ ಮುನ್ನವೇ ತಳಭಾಗವನ್ನು ಪರೀಕ್ಷೆ ಮಾಡಿಸಿ, ದುರಸ್ತಿಯ ಅಂದಾಜು ಪಟ್ಟಿ ಪಡೆದು, ಒಟ್ಟು ವೆಚ್ಚವನ್ನು ಕಾರಿನ ಮಾರಾಟ ಬೆಲೆಯೊಂದಿಗೆ ತಾಳೆ ನೋಡುವುದು ಸೂಕ್ತ. ನವೀಕರಿಸುವುದಾದಲ್ಲಿ, ಅವಧಿ ಮುಗಿಯುವ ಹಿಂದಿನ 60 ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ನೋಂದಣಿ ಅವಧಿ ಮೀರಿದ ಕಾರನ್ನು ರಸ್ತೆಗಿಳಿಸುವಂತಿಲ್ಲ.