ಡಯಟ್ ಪಾನೀಯ: ಸಕ್ಕರೆಯಿಲ್ಲದ ಸಿಹಿಯ ಸಾಧಕ-ಬಾಧಕ

ಸಕ್ಕರೆಯ ಬದಲು ಕೃತಕ ಸಿಹಿಕಾರಕ ಬೆರೆಸಿ ತಯಾರಿಸುವ ತಂಪು ಪಾನೀಯಗಳೇ ಡಯಟ್ ಪಾನೀಯಗಳು. 330 ಮಿ.ಲೀ. ಸಾಮಾನ್ಯ ಕೋಲಾದಲ್ಲಿ ಸುಮಾರು 35 ಗ್ರಾಂ ಸಕ್ಕರೆಯಿದ್ದರೆ ಡಯಟ್ ಕೋಲಾದಲ್ಲಿ ಅದು ಇರುವುದೇ ಇಲ್ಲ, ಕ್ಯಾಲರಿಯೂ ನಾಮಮಾತ್ರ. ಮಧುಮೇಹಿಗಳೂ ತೂಕ ಇಳಿಸಬಯಸುವವರೂ ಇದರತ್ತ ಒಲಿಯುವುದು ಸಹಜ.

ಈ ಪಾನೀಯಗಳಲ್ಲಿ ವ್ಯಾಪಕವಾಗಿ ಬಳಕೆಯಾಗುವ ಸಿಹಿಕಾರಕ ಆಸ್ಪರ್ಟೇಮ್. 1965ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಜೇಮ್ಸ್ ಶ್ಲಾಟರ್ ಹೊಟ್ಟೆಹುಣ್ಣಿನ ಔಷಧಕ್ಕಾಗಿ ಸಂಶೋಧನೆ ನಡೆಸುತ್ತಿದ್ದಾಗ, ಬೆರಳಿಗೆ ಅಂಟಿದ ಪುಡಿಯನ್ನು ಆಕಸ್ಮಿಕವಾಗಿ ನೆಕ್ಕಿ ಅದರ ಸಿಹಿಯನ್ನು ಕಂಡುಕೊಂಡರು. (ಪ್ರಯೋಗಾಲಯದಲ್ಲಿ ಇದು ಅನುಕರಣೀಯವಲ್ಲ!) ಇದು ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿಯಾದ್ದರಿಂದ ಅತ್ಯಲ್ಪ ಪ್ರಮಾಣವೇ ಸಾಕು.

ಜನರ ದೊಡ್ಡ ಭಯ ಕ್ಯಾನ್ಸರಿನದು. 2023ರ ಜುಲೈಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಆಸ್ಪರ್ಟೇಮನ್ನು 'ಕ್ಯಾನ್ಸರ್‌ಕಾರಕವಾಗಿರುವ ಸಾಧ್ಯತೆಯುಳ್ಳ' ವಸ್ತುಗಳ ಗುಂಪಿಗೆ ಸೇರಿಸಿದಾಗ ಈ ಭಯ ಇನ್ನಷ್ಟು ಹರಡಿತು. ಆದರೆ ಈ ವರ್ಗೀಕರಣವು ಸಾಕ್ಷ್ಯದ ಬಲವನ್ನು ಹೇಳುತ್ತದೆಯೇ ವಿನಾ ಅಪಾಯದ ಪ್ರಮಾಣವನ್ನಲ್ಲ. ಇಲ್ಲಿ ದೊರೆತ ಸಾಕ್ಷ್ಯ ಸೀಮಿತವಾದದ್ದು. ಅದೇ ವೇಳೆ ಆಹಾರ ಸೇರ್ಪಡೆಗಳ ಕುರಿತ ಜಂಟಿ ತಜ್ಞ ಸಮಿತಿಯು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 40 ಮಿ.ಗ್ರಾಂ. ಎಂಬ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು. ಅಂದರೆ, 70 ಕಿಲೋ ತೂಕದ ವಯಸ್ಕರು ಬೇರಾವ ಮೂಲದಿಂದಲೂ ಆಸ್ಪರ್ಟೇಮ್ ಸೇವಿಸದಿದ್ದರೆ, ಈ ಮಿತಿ ಮೀರಲು ದಿನಕ್ಕೆ 9ರಿಂದ 14 ಕ್ಯಾನ್‌ಗಳಿಗಿಂತ ಹೆಚ್ಚು ಕುಡಿಯಬೇಕು.

ಒಂದು ವರ್ಗಕ್ಕೆ ಮಾತ್ರ ಈ ಲೆಕ್ಕ ಅನ್ವಯಿಸದು. ಫಿನೈಲ್‌ಕೀಟೋನ್ಯೂರಿಯಾ ಎಂಬ ವಿರಳ ಆನುವಂಶಿಕ ಕಾಯಿಲೆ ಇರುವವರ ದೇಹವು ಆಸ್ಪರ್ಟೇಮಿನಿಂದ ಬಿಡುಗಡೆಯಾಗುವ ಫಿನೈಲಲನಿನ್ ಅನ್ನು ಸರಿಯಾಗಿ ವಿಭಜಿಸಲಾರದು. ಅದು ಸಂಗ್ರಹವಾದರೆ ಮಿದುಳಿಗೆ ಹಾನಿ. ಲೇಬಲ್ಲಿನ ಸಣ್ಣ ಅಕ್ಷರಗಳಲ್ಲಿ ಈ ಎಚ್ಚರಿಕೆ ಇರುತ್ತದೆ, ಓದುವವರು ವಿರಳ.

ತೂಕ ಇಳಿಯುವುದೇ? 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತೂಕ ನಿಯಂತ್ರಣಕ್ಕಾಗಿ ಇಂಥ ಸಿಹಿಕಾರಕಗಳನ್ನು ಬಳಸದಂತೆ ಸಲಹೆ ನೀಡಿತು. ದೀರ್ಘಾವಧಿಯಲ್ಲಿ ಬೊಜ್ಜು ಕರಗಿಸುವ ಲಾಭ ಕಂಡುಬಂದಿಲ್ಲವೆಂಬುದು ಅದರ ನಿಲುವು. ಈಗಾಗಲೇ ಮಧುಮೇಹ ಇರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ. ಅಮೆರಿಕದ ಫ್ರಾಮಿಂಗ್‌ಹ್ಯಾಮ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವು, ದಿನಕ್ಕೊಂದಾದರೂ ತಂಪು ಪಾನೀಯ ಕುಡಿಯುವವರಲ್ಲಿ ಬೊಜ್ಜು, ರಕ್ತದೊತ್ತಡ, ಸಕ್ಕರೆ ಏರಿಕೆಗಳು ಒಟ್ಟಾಗಿ ಕಾಣಿಸಿಕೊಳ್ಳುವ ಸಂಭವ ಹೆಚ್ಚೆಂದು ಗುರುತಿಸಿತು. ಪಾನೀಯ ಡಯಟ್ ಆದರೂ ವ್ಯತ್ಯಾಸ ಕಾಣಲಿಲ್ಲ. ಆದರೆ ತೂಕ ಏರುತ್ತಿರುವವರೇ ಡಯಟ್ ಪಾನೀಯಕ್ಕೆ ಹೊರಳುವುದೂ ಉಂಟು. ಹಾಗಾಗಿ ಪಾನೀಯವೇ ಕಾರಣ ಎನ್ನಲಾಗದು.

ಸಕ್ಕರೆ ತೆಗೆದರೂ ಫಾಸ್ಫಾರಿಕ್ ಮತ್ತು ಸಿಟ್ರಿಕ್ ಆಮ್ಲಗಳು ಉಳಿದೇ ಇರುತ್ತವೆ. ಪದೇ ಪದೇ ಗುಟುಕರಿಸಿದರೆ ಹಲ್ಲಿನ ಎನಾಮಲ್ ಸವೆಯುತ್ತದೆ.

ಮಧುಮೇಹಿಗಳಿರುವ ಮನೆಯವರು ಮರೆಯಬಾರದ ಇನ್ನೊಂದು ಸಂಗತಿಯಿದೆ. ಇನ್ಸುಲಿನ್ ಪಡೆಯುವವರ ರಕ್ತದಲ್ಲಿ ಸಕ್ಕರೆ ದಿಢೀರನೆ ಕುಸಿದು ಬೆವರು, ನಡುಕ ಕಾಣಿಸಿಕೊಂಡಾಗ ಡಯಟ್ ಪಾನೀಯದಿಂದ ಪ್ರಯೋಜನವಿಲ್ಲ. ಪ್ರಜ್ಞೆಯಿದ್ದು ನುಂಗಲು ಶಕ್ತರಿದ್ದರೆ ಆಗ ಕೊಡಬೇಕಾದುದು ಸಕ್ಕರೆ ಬೆರೆತ ಪಾನೀಯವನ್ನೇ.